ಕೊಬ್ಬು, ಕಾರ್ಬೋಹೈಡ್ರೇಟ್ ಮತ್ತು ಬದಲಾಗುವ ಸರ್ಕಾರಿ ಆಹಾರ ಸಲಹೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಣ್ಣೆ, ತುಪ್ಪ, ಮೊಟ್ಟೆಯ ಹಳದಿ ಮುಟ್ಟಬೇಡಿ ಎಂದು ಮೂವತ್ತು ವರ್ಷ ಕೇಳಿಸಿಕೊಂಡವರ ಮೊಬೈಲಿಗೆ ಈಗ ಅನ್ನ ಬಿಡಿ, ತುಪ್ಪ ತಿನ್ನಿ ಎಂಬ ವೀಡಿಯೊಗಳು ಬರುತ್ತಿವೆ. ಇದರ ಜೊತೆಗೆ ‘ಸರ್ಕಾರಗಳೇ ತಮ್ಮ ತಪ್ಪು ಒಪ್ಪಿಕೊಂಡಿವೆ’ ಎಂಬ ಮಾತೂ ಓಡಾಡುತ್ತಿದೆ. ಯಾವ ಸರ್ಕಾರ ಯಾವಾಗ ಏನು ಹೇಳಿತು, ಅದರಲ್ಲಿ ಎಷ್ಟು ಬದಲಾಗಿದೆ, ಕಾರ್ಬೋಹೈಡ್ರೇಟ್ (ಅನ್ನ, ಹಿಟ್ಟು, ಸಕ್ಕರೆಯಲ್ಲಿ ಹೆಚ್ಚಿರುವ ಅಂಶ; ಚುಟುಕಾಗಿ ಕಾರ್ಬ್) ತಗ್ಗಿಸಿ ಕೊಬ್ಬು ಹೆಚ್ಚಿಸುವ ಆಹಾರಕ್ರಮದ ಬಗ್ಗೆ ಪ್ರಯೋಗಗಳಿಂದ ತಿಳಿದದ್ದೇನು ಎಂಬುದನ್ನು ಇಲ್ಲಿ ಪ್ರಶ್ನೋತ್ತರವಾಗಿ ಬರೆಯಲಾಗಿದೆ. ಕಥೆಯ ಹೆಚ್ಚಿನ ಭಾಗ ನಡೆದದ್ದು ಅಮೆರಿಕ ಮತ್ತು ಸ್ವೀಡನ್ನಿನಲ್ಲಿ. ನಮ್ಮ ಊಟದ ಮಾತು ಕೊನೆಯ ಭಾಗದಲ್ಲಿ ಬರುತ್ತದೆ.

ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ ಶುರುವಾದದ್ದು ಎಲ್ಲಿ, ಏಕೆ?

ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ದಿಗಿಲು ಹುಟ್ಟಿಸುವಷ್ಟು ಹೆಚ್ಚಾಗಿತ್ತು. 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಹೃದಯಾಘಾತವಾದ ಮೇಲಂತೂ ಅದು ಮನೆಮನೆಯ ಮಾತಾಯಿತು. ಬೆಣ್ಣೆ, ಮಾಂಸದ ಜಿಡ್ಡು ಮುಂತಾದವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ರಕ್ತದ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಅದರಿಂದ ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ ಎಂಬ ವಾದವನ್ನು ಮಿನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಆ ಹೊತ್ತಿಗೆ ಮುಂದಿಟ್ಟಿದ್ದರು. 1961ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸ್ಯಾಚುರೇಟೆಡ್ ಕೊಬ್ಬನ್ನು ತಗ್ಗಿಸುವಂತೆ ಸಲಹೆ ಕೊಟ್ಟಿತು.

ಸರ್ಕಾರದ ಕಡೆಯಿಂದ ಅಂಕಿಗಳ ಸಮೇತ ಮಾತು ಬಂದದ್ದು 1977ರ ಜನವರಿಯಲ್ಲಿ. ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅಧ್ಯಕ್ಷತೆಯ ಸಮಿತಿ, ದಿನದ ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲನ್ನು ಶೇ 30ಕ್ಕೆ, ಸ್ಯಾಚುರೇಟೆಡ್ ಕೊಬ್ಬಿನ ಪಾಲನ್ನು ಶೇ 10ಕ್ಕೆ ಇಳಿಸಿ, ಕಾರ್ಬೋಹೈಡ್ರೇಟಿನ ಪಾಲನ್ನು ಶೇ 55ರಿಂದ 60ಕ್ಕೆ ಏರಿಸಬೇಕು ಎಂದು ಬರೆಯಿತು. ಸಕ್ಕರೆಯನ್ನು ಕಡಿಮೆ ಮಾಡಿ ಎಂದೂ ಅದೇ ವರದಿ ಹೇಳಿತ್ತು. ಈ ಮಾತನ್ನು ಇಂದಿನ ವಾದವಿವಾದಗಳಲ್ಲಿ ಎರಡೂ ಕಡೆಯವರು ಮರೆತಂತಿದೆ. ‘ಮಾಂಸ ಕಡಿಮೆ ತಿನ್ನಿ’ ಎಂಬ ನೇರ ಸಲಹೆಗೆ ಜಾನುವಾರು ಸಾಕುವವರಿಂದ ಜೋರು ವಿರೋಧ ಬಂದು, ಅದೇ ವರ್ಷ ಡಿಸೆಂಬರಿನಲ್ಲಿ ಹೊರಬಂದ ಪರಿಷ್ಕೃತ ವರದಿಯಲ್ಲಿ ಅದು ‘ಸ್ಯಾಚುರೇಟೆಡ್ ಕೊಬ್ಬು ತಗ್ಗಿಸುವಂತಹ ಮಾಂಸ, ಕೋಳಿ, ಮೀನು ಆರಿಸಿಕೊಳ್ಳಿ’ ಎಂದು ಮೆತ್ತಗಾಯಿತು. ಆಹಾರದ ಹೆಸರು ಹೇಳಬೇಕಾದ ಕಡೆ ಪೋಷಕಾಂಶದ ಹೆಸರು ಬರೆಯುವ, ಆಗ ಸರ್ಕಾರಕ್ಕೆ ಅಂಟಿಕೊಂಡ ಚಾಳಿ ಮುಂದೆ ಬಹಳ ಕಾಟ ಕೊಟ್ಟಿತು ಎಂಬುದು ಈ ಲೇಖಕರ ಅಭಿಪ್ರಾಯ.

1980ರಲ್ಲಿ ಅಮೆರಿಕದ ಕೃಷಿ ಮತ್ತು ಆರೋಗ್ಯ ಇಲಾಖೆಗಳು ಜೊತೆಯಾಗಿ ಮೊದಲ ಆಹಾರ ಮಾರ್ಗಸೂಚಿ ಹೊರಡಿಸಿದವು. ಅಲ್ಲಿಂದ ಐದು ವರ್ಷಕ್ಕೊಮ್ಮೆ ಅದು ಪರಿಷ್ಕರಣೆಯಾಗುತ್ತಿದೆ. 1992ರ ಪಿರಮಿಡ್ ಚಿತ್ರದ ಬುಡದಲ್ಲಿ ಬ್ರೆಡ್, ಅನ್ನ, ಪಾಸ್ತಾ, ಸಿರಿಯಲ್ ಇದ್ದು, ದಿನಕ್ಕೆ 6ರಿಂದ 11 ಪಾಲು ತಿನ್ನಿ ಎಂದು ಬರೆದಿತ್ತು. ಕೊಬ್ಬು ಮತ್ತು ಸಿಹಿ ತುತ್ತತುದಿಯಲ್ಲಿ, ‘ಮಿತವಾಗಿ ಬಳಸಿ’ ಎಂಬ ಎಚ್ಚರಿಕೆಯೊಂದಿಗೆ ಇದ್ದವು. ಕಡಲೆಬೀಜದ ಎಣ್ಣೆಗೂ ಬೆಣ್ಣೆಗೂ ಆ ಚಿತ್ರದಲ್ಲಿ ವ್ಯತ್ಯಾಸವಿರಲಿಲ್ಲ. ಮೈದಾಕ್ಕೂ ಇಡೀ ಗೋಧಿಗೂ ಇರಲಿಲ್ಲ.

ಕೀಸ್ ತಮಗೆ ಬೇಕಾದ ದೇಶಗಳನ್ನು ಮಾತ್ರ ಆರಿಸಿ ಮೋಸ ಮಾಡಿದರು ಎನ್ನುತ್ತಾರೆ. ನಿಜವೇ?

ಎರಡು ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗಿವೆ. 1953ರಲ್ಲಿ ಕೀಸ್ ಆರು ದೇಶಗಳ ಕೊಬ್ಬಿನ ಬಳಕೆ ಮತ್ತು ಹೃದ್ರೋಗದ ಸಾವುಗಳನ್ನು ಒಂದು ನಕ್ಷೆಯಲ್ಲಿ ತೋರಿಸಿದ್ದರು. 1957ರಲ್ಲಿ ಯೆರುಶಾಲ್ಮಿ ಮತ್ತು ಹಿಲ್ಲೆಬೋ ಎಂಬ ಇಬ್ಬರು ತಜ್ಞರು, ಅಂಕಿ-ಅಂಶ ಸಿಗುವ 22 ದೇಶಗಳನ್ನೂ ಹಾಕಿದರೆ ಆ ನಂಟು ಸಡಿಲವಾಗುತ್ತದೆ ಎಂದು ತೋರಿಸಿದರು. ಆ ಟೀಕೆ ಸರಿಯಾಗಿಯೇ ಇತ್ತು. ಹೆಸರಾಂತ ‘ಏಳು ದೇಶಗಳ ಅಧ್ಯಯನ’ ಶುರುವಾದದ್ದು ಅದಾದ ಮೇಲೆ, 1958ರಲ್ಲಿ. ಅದರಲ್ಲಿ ಹಳ್ಳಿಹಳ್ಳಿಗೆ ಹೋಗಿ ಜನರನ್ನು ಪರೀಕ್ಷಿಸಿ ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಹಾಗಾಗಿ 22 ದೇಶಗಳಲ್ಲಿ ಏಳನ್ನು ಮಾತ್ರ ಉಳಿಸಿಕೊಂಡರು ಎಂಬ ಆರೋಪದಲ್ಲಿ ಹುರುಳಿಲ್ಲ. ಆದರೆ ಇಂತಹ ವೀಕ್ಷಣಾ ಅಧ್ಯಯನದಿಂದ ಕಾರಣ ಸಾಬೀತಾಗುವುದಿಲ್ಲ ಎಂಬ ಮಿತಿ ಅದಕ್ಕೆ ಇದ್ದೇ ಇತ್ತು.

ಸಕ್ಕರೆ ಉದ್ಯಮ ವಿಜ್ಞಾನಿಗಳಿಗೆ ದುಡ್ಡು ಕೊಟ್ಟಿತ್ತೇ?

ಕೊಟ್ಟಿತ್ತು. ಅಮೆರಿಕದ ಶುಗರ್ ರಿಸರ್ಚ್ ಫೌಂಡೇಶನ್ ಹಾರ್ವರ್ಡ್‌ನ ಸಂಶೋಧಕರಿಗೆ 6,500 ಡಾಲರ್ ಕೊಟ್ಟು ಬರೆಸಿದ ವಿಮರ್ಶಾ ಲೇಖನ 1967ರಲ್ಲಿ ಪ್ರಕಟವಾಯಿತು. ಸಕ್ಕರೆಯ ಮೇಲಿನ ಅನುಮಾನವನ್ನು ಹಗುರ ಮಾಡಿ ಕೊಬ್ಬಿನತ್ತ ಬೊಟ್ಟು ಮಾಡಿದ ಆ ಲೇಖನದ ಹಿಂದಿನ ಹಣದ ವಿಷಯ ಹಳೆಯ ಪತ್ರಗಳ ಮೂಲಕ 2016ರಲ್ಲಿ ಬಯಲಾಯಿತು. ಇಷ್ಟರಿಂದಲೇ ಬೆಣ್ಣೆ ನಿರ್ದೋಷಿಯಾಗುವುದಿಲ್ಲ. ಡೈರಿ ಮತ್ತು ಮಾಂಸದ ಉದ್ಯಮಗಳೂ ತಮಗೆ ಅನುಕೂಲವಾದ ಸಂಶೋಧನೆಗಳಿಗೆ ಹಣ ಹಾಕುತ್ತ ಬಂದಿವೆ.

ಕೊಬ್ಬು ಬಿಟ್ಟಿದ್ದರಿಂದಲೇ ಅಮೆರಿಕನ್ನರು ದಪ್ಪಗಾದರೇ?

ಈ ಪ್ರಶ್ನೆಗೆ ಅಂಕಿಗಳನ್ನು ಹತ್ತಿರದಿಂದ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಮೀಕ್ಷೆಗಳ ಪ್ರಕಾರ, 1971ರಿಂದ 2000ದ ನಡುವೆ ಅಲ್ಲಿನ ಹೆಂಗಸರ ದಿನದ ಕ್ಯಾಲೊರಿ 1,542ರಿಂದ 1,877ಕ್ಕೆ ಏರಿತು. ಅದರಲ್ಲಿ ಕೊಬ್ಬಿನ ಪಾಲು ಶೇ 36.1ರಿಂದ 32.8ಕ್ಕೆ ಇಳಿಯಿತು. ಶೇಕಡಾವಾರು ನೋಡಿದವರು ‘ಸಲಹೆ ಪಾಲಿಸಿದರು, ಆದರೂ ದಪ್ಪಗಾದರು’ ಎನ್ನುತ್ತಾರೆ. ಗ್ರಾಂ ಲೆಕ್ಕ ಹಾಕಿದರೆ ಆ ಹೆಂಗಸರು ತಿಂದ ಕೊಬ್ಬು ದಿನಕ್ಕೆ ಸುಮಾರು ಆರೂವರೆ ಗ್ರಾಂ ಹೆಚ್ಚಾಗಿದೆ. ಗಂಡಸರಲ್ಲಿ ಐದು ಗ್ರಾಂನಷ್ಟು ಇಳಿದಿದೆ. ಅಂದರೆ ಕೊಬ್ಬನ್ನು ಯಾರೂ ಹೇಳಿಕೊಳ್ಳುವಂತೆ ಬಿಡಲಿಲ್ಲ, ಅದರ ಮೇಲೆ ಕಾರ್ಬೋಹೈಡ್ರೇಟ್ ಬಂದು ಕೂತಿತು, ಒಟ್ಟು ಊಟ ದೊಡ್ಡದಾಯಿತು.

ಹಾಗೆ ಬಂದು ಕೂತದ್ದು ಬೇಳೆ, ತರಕಾರಿ, ಇಡೀ ಧಾನ್ಯಗಳಲ್ಲ ಎಂಬುದೇ ಮುಖ್ಯ. 1992ರಲ್ಲಿ ಸ್ನ್ಯಾಕ್‌ವೆಲ್ಸ್ ಎಂಬ ಕೊಬ್ಬುರಹಿತ ಬಿಸ್ಕತ್ತು ಮಾರುಕಟ್ಟೆಗೆ ಬಂದಾಗ ಅಂಗಡಿಗಳಲ್ಲಿ ದಾಸ್ತಾನು ಉಳಿಯದಷ್ಟು ಬೇಡಿಕೆ ಬಂತು. ಕೊಬ್ಬು ತೆಗೆದರೆ ರುಚಿ ಹೋಗುತ್ತದೆ, ರುಚಿಗಾಗಿ ಸಕ್ಕರೆ ಸೇರುತ್ತದೆ, ಡಬ್ಬಿಯ ಮೇಲೆ ‘ಕೊಬ್ಬಿಲ್ಲ’ ಎಂದು ಇರುವುದರಿಂದ ಎರಡರ ಬದಲು ಆರು ಬಿಸ್ಕತ್ತು ಒಳಗಿಳಿಯುತ್ತದೆ. ‘ಕೊಬ್ಬು ಕಡಿಮೆ ಮಾಡಿ’ ಎಂದ ಸಲಹೆ, ಅದರ ಜಾಗಕ್ಕೆ ಏನು ಬರಬೇಕು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ಈಗ ‘ಕಾರ್ಬ್ ಕಡಿಮೆ ಮಾಡಿ’ ಎನ್ನುವವರೂ ಅದೇ ಜಾಡಿನಲ್ಲಿದ್ದಾರೆ. ಕಾರ್ಬ್ ತೀರಾ ತಗ್ಗಿಸುವ ‘ಕೀಟೊ’ ಆಹಾರಕ್ರಮದ ಹೆಸರಿನ ಬಿಸ್ಕತ್ತು, ಚಾಕೊಲೇಟುಗಳು ಆಗಲೇ ಅಂಗಡಿಯ ಕಪಾಟಿನಲ್ಲಿವೆ.

ಹಾಗಿದ್ದರೆ ಅಧಿಕೃತ ಸಲಹೆ ಬದಲಾದದ್ದು ಯಾವಾಗ?

ಒಂದೇ ದಿನದಲ್ಲಿ ಅಲ್ಲ. 2006ರಲ್ಲಿ ಸುಮಾರು 49 ಸಾವಿರ ಮಹಿಳೆಯರ ಮೇಲೆ ಎಂಟು ವರ್ಷ ನಡೆದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗದ ಫಲಿತಾಂಶ ಬಂತು. ಒಟ್ಟು ಕೊಬ್ಬನ್ನು ತಗ್ಗಿಸಿದವರಲ್ಲಿ ಹೃದ್ರೋಗವಾಗಲಿ ಪಾರ್ಶ್ವವಾಯುವಾಗಲಿ ಗಣನೀಯವಾಗಿ ಕಡಿಮೆಯಾಗಿರಲಿಲ್ಲ. 2011ರಲ್ಲಿ ಪಿರಮಿಡ್ ಹೋಗಿ ತಟ್ಟೆಯ ಚಿತ್ರ ಬಂತು, ಅರ್ಧ ತಟ್ಟೆ ಹಣ್ಣು-ತರಕಾರಿಗೆ ಮೀಸಲಾಯಿತು. 2015–2020ರ ಮಾರ್ಗಸೂಚಿ, ಆಹಾರದಲ್ಲಿನ ಕೊಲೆಸ್ಟ್ರಾಲ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂಬ ಹಳೆಯ ಅಂಕಿಯನ್ನು ಕೈಬಿಟ್ಟಿತು. ಮೊಟ್ಟೆ ಮತ್ತೆ ಬೆಳಗಿನ ತಿಂಡಿಗೆ ಬಂದದ್ದು ಹೀಗೆ. ಸೇರಿಸಿದ ಸಕ್ಕರೆ ಶೇ 10ರೊಳಗೆ ಇರಬೇಕು ಎಂಬ ಮಿತಿ ಅದೇ ಮಾರ್ಗಸೂಚಿಯಲ್ಲಿ ಹೊಸದಾಗಿ ಸೇರಿತು.

2026ರಲ್ಲಿ ಅಮೆರಿಕ ಪಿರಮಿಡನ್ನೇ ತಲೆಕೆಳಗು ಮಾಡಿತಲ್ಲ?

ಚಿತ್ರವನ್ನು ಮಾಡಿತು. 2026ರ ಜನವರಿ 7ರಂದು ಬಿಡುಗಡೆಯಾದ 2025–2030ರ ಮಾರ್ಗಸೂಚಿಯ ಚಿತ್ರದಲ್ಲಿ ಪ್ರೋಟೀನ್, ಡೈರಿ, ಒಳ್ಳೆಯ ಕೊಬ್ಬು, ಹಣ್ಣು-ತರಕಾರಿ ಅಗಲವಾದ ಮೇಲ್ಭಾಗದಲ್ಲಿವೆ, ಇಡೀ ಧಾನ್ಯಗಳು ಕೆಳಗಿನ ಚೂಪು ತುದಿಯಲ್ಲಿವೆ. ದೇಹದ ತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್, ಕೆನೆ ತೆಗೆಯದ ಹಾಲು-ಮೊಸರು, ಅತಿಯಾಗಿ ಸಂಸ್ಕರಿಸಿದ ಆಹಾರಕ್ಕೆ ಕಡಿವಾಣ ಎಂಬುದು ಅದರ ಮುಖ್ಯ ಮಾತು. ಕೆಲವು ದೀರ್ಘಕಾಲದ ಕಾಯಿಲೆ ಇರುವವರಿಗೆ ಕಾರ್ಬೋಹೈಡ್ರೇಟ್ ಕಡಿಮೆಯಿರುವ ಆಹಾರದಿಂದ ಅನುಕೂಲವಾಗಬಹುದು ಎಂದೂ ಅದು ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಅದೇ ದಾಖಲೆ, ಸ್ಯಾಚುರೇಟೆಡ್ ಕೊಬ್ಬು ಶೇ 10ನ್ನು ಮೀರಬಾರದು ಎಂಬ ಹಳೆಯ ಮಿತಿಯನ್ನು ಹಾಗೆಯೇ ಉಳಿಸಿಕೊಂಡಿದೆ. 2,000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಒಂದು ಲೋಟ ಗಟ್ಟಿ ಹಾಲಿನಲ್ಲಿ ನಾಲ್ಕೂವರೆ ಗ್ರಾಂ, ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಏಳು ಗ್ರಾಂ. ಮೂರು ಲೋಟ ಹಾಲು ಕುಡಿದು ಒಂದು ಚಮಚ ಬೆಣ್ಣೆ ಹಾಕಿಕೊಂಡರೆ ಮಿತಿ ಬಹುತೇಕ ಮುಗಿಯಿತು, ಮಾಂಸಕ್ಕೆ ಜಾಗವೇ ಉಳಿಯುವುದಿಲ್ಲ. ಚಿತ್ರ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಎಂಬ ಟೀಕೆಗೆ ಆಧಾರವಿದೆ.

ಸ್ವೀಡನ್ ಸರ್ಕಾರವೇ ಈ ಆಹಾರಕ್ರಮವನ್ನು ಒಪ್ಪಿಕೊಂಡಿದೆ ಎಂಬುದು ಎಷ್ಟು ಸರಿ?

ಅರ್ಧ ಸರಿ. ಅನ್ನಿಕಾ ಡಾಲ್‌ಕ್ವಿಸ್ಟ್ ಎಂಬ ವೈದ್ಯೆ ಮಧುಮೇಹ ಮತ್ತು ಬೊಜ್ಜು ಇರುವ ರೋಗಿಗಳಿಗೆ ಕಾರ್ಬೋಹೈಡ್ರೇಟ್ ತಗ್ಗಿಸಲು ಹೇಳುತ್ತಿದ್ದುದರ ವಿರುದ್ಧ 2005ರಲ್ಲಿ ಆಹಾರತಜ್ಞರು ದೂರು ಕೊಟ್ಟರು. 2008ರ ಜನವರಿಯಲ್ಲಿ ಸ್ವೀಡನ್ನಿನ ಆರೋಗ್ಯ ಮಂಡಳಿ, ಅಂತಹ ರೋಗಿಗಳಿಗೆ ಅಂತಹ ಸಲಹೆ ಕೊಡುವುದು ವಿಜ್ಞಾನಕ್ಕೂ ಅನುಭವಕ್ಕೂ ವಿರುದ್ಧವಲ್ಲ ಎಂದು ತೀರ್ಪು ನೀಡಿತು. ವೈದ್ಯೆ ನಿರಾಳವಾದರು, ಎಲ್‌ಸಿಎಚ್‌ಎಫ್ (ಲೋ ಕಾರ್ಬ್, ಹೈ ಫ್ಯಾಟ್; ಅಂದರೆ ಕಾರ್ಬ್ ಕಡಿಮೆ, ಕೊಬ್ಬು ಹೆಚ್ಚು) ಎಂಬ ನಾಲ್ಕು ಅಕ್ಷರ ಸ್ವೀಡನ್ನಿನ ತುಂಬ ಹರಡಿತು.

ಪಕ್ಕದ ನಾರ್ವೆಯಲ್ಲಿ ಈ ಅಲೆ ಎಷ್ಟು ಜೋರಾಗಿ ಬೀಸಿತೆಂದರೆ 2011ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಸಿಹಿತಿಂಡಿ ಮಾಡುವ ಹೊತ್ತಿಗೆ ಸರಿಯಾಗಿ, ಅಂಗಡಿಗಳಲ್ಲಿ ಬೆಣ್ಣೆಯೇ ಇಲ್ಲದಂತಾಯಿತು. ಮಳೆ ಹೆಚ್ಚಾಗಿ ಮೇವು ಕೆಟ್ಟು ಹಾಲು ಕಡಿಮೆಯಾದದ್ದು, ಆಮದಿನ ಮೇಲೆ ಭಾರೀ ಸುಂಕವಿದ್ದದ್ದು ಕೂಡ ಕಾರಣ. ಜನ ಅಂತರ್ಜಾಲದಲ್ಲಿ ಬೆಣ್ಣೆಯನ್ನು ಹರಾಜಿಗೆ ಇಟ್ಟರು, ಗಡಿಯಲ್ಲಿ ಕಳ್ಳಸಾಗಣೆಯ ಬೆಣ್ಣೆ ಸಿಕ್ಕಿಬಿತ್ತು.

2013ರಲ್ಲಿ ಸ್ವೀಡನ್ನಿನ ವೈದ್ಯಕೀಯ ಮೌಲ್ಯಮಾಪನ ಸಂಸ್ಥೆ ಎಸ್‌ಬಿಯು ಬೊಜ್ಜಿನ ಚಿಕಿತ್ಸೆಗೆ ಸಂಬಂಧಿಸಿದ ಆಹಾರಗಳ ಬಗ್ಗೆ ವರದಿ ಕೊಟ್ಟಿತು. ಮೊದಲ ಆರು ತಿಂಗಳಲ್ಲಿ ಕಾರ್ಬೋಹೈಡ್ರೇಟ್ ತಗ್ಗಿಸಿದವರ ತೂಕ ಹೆಚ್ಚು ಇಳಿಯುತ್ತದೆ, ವರ್ಷ ದಾಟುವ ಹೊತ್ತಿಗೆ ಕೊಬ್ಬು ತಗ್ಗಿಸಿದವರಿಗೂ ಇವರಿಗೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಅದು ಕಂಡುಕೊಂಡಿತು. ‘ಕೊಬ್ಬು ಕಡಿಮೆ ಎಂಬ ಸಿದ್ಧಾಂತವನ್ನು ತಿರಸ್ಕರಿಸಿದ ಮೊದಲ ಪಾಶ್ಚಾತ್ಯ ದೇಶ’ ಎಂದು ಜಗತ್ತಿನಾದ್ಯಂತ ಹರಡಿದ ಸುದ್ದಿ ಈ ವರದಿಯದೇ. ಆರೋಗ್ಯವಂತ ಸಾರ್ವಜನಿಕರಿಗೆ ಕೊಡುವ ಸಲಹೆ ಬೇರೆ ದಾಖಲೆಯಲ್ಲಿದೆ. ನಾರ್ಡಿಕ್ ದೇಶಗಳ ಆ ಶಿಫಾರಸಿನ ಪ್ರಕಾರ ಕಾರ್ಬೋಹೈಡ್ರೇಟ್ ಈಗಲೂ ಶೇ 45ರಿಂದ 60, ಕೊಬ್ಬು ಶೇ 25ರಿಂದ 40.

ಕಾರ್ಬ್ ಕಡಿಮೆ, ಕೊಬ್ಬು ಹೆಚ್ಚು ಎಂದರೆ ಲೆಕ್ಕದಲ್ಲಿ ಎಷ್ಟು?

ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇದ್ದರೆ ‘ಕಡಿಮೆ’ ಎನ್ನುವುದು ರೂಢಿ. ಕೀಟೊ ಎಂದರೆ 20ರಿಂದ 50 ಗ್ರಾಂ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಇರುತ್ತದೆ, ನಾವು ಒಂದು ಹೊತ್ತಿಗೆ ಬಡಿಸಿಕೊಳ್ಳುವುದು ನೂರು ಗ್ರಾಂನಲ್ಲಿ ನಿಲ್ಲುವುದಿಲ್ಲ. ಕಟ್ಟುನಿಟ್ಟಿನ ಕೀಟೊದಲ್ಲಿ ಇಡೀ ದಿನಕ್ಕೆ ಅಷ್ಟೂ ಸಿಗದು. ಅಂದ ಹಾಗೆ ಕೀಟೊ ಹೊಸದೇನಲ್ಲ. 1921ರಿಂದಲೂ ಮಕ್ಕಳ ಮೂರ್ಛೆರೋಗಕ್ಕೆ ವೈದ್ಯರ ನಿಗಾದಲ್ಲಿ ಅದನ್ನು ಬಳಸಲಾಗುತ್ತಿದೆ.

ತೂಕ ಇಳಿಸಲು ಇದೇ ಉತ್ತಮವೇ?

2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಪ್ರಯೋಗದಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯ ಆಹಾರ, ಇನ್ನೊಂದಕ್ಕೆ ಕಾರ್ಬ್ ಕಡಿಮೆಯ ಆಹಾರ ಹೇಳಲಾಯಿತು. ಇಬ್ಬರಿಗೂ ಮೈದಾ, ಸಕ್ಕರೆ ಬಿಟ್ಟು ಮನೆಯಡುಗೆಯಂತಹ ಆಹಾರ ತಿನ್ನಿ ಎಂದು ಒತ್ತಿ ಹೇಳಿದ್ದರು. ವರ್ಷದ ಕೊನೆಗೆ ಮೊದಲ ಗುಂಪಿನವರು ಸರಾಸರಿ 5.3 ಕಿಲೋ, ಎರಡನೆಯವರು 6 ಕಿಲೋ ಇಳಿದಿದ್ದರು. ಈ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗೂ ಹೆಚ್ಚು ಇಳಿದವರಿದ್ದರು, ತೂಕ ಏರಿದವರೂ ಇದ್ದರು. ಶುರುವಿನ ಒಂದೆರಡು ವಾರ ಕೀಟೊದಲ್ಲಿ ಬೇಗ ಇಳಿಯುವ ತೂಕದಲ್ಲಿ ದೊಡ್ಡ ಪಾಲು ನೀರಿನದು ಎಂಬುದನ್ನೂ ನೆನಪಿನಲ್ಲಿ ಇಡಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಉಪಯೋಗವಿದೆಯೇ?

ಇದೆ. ಈ ಆಹಾರಕ್ರಮದ ಪರವಾಗಿ ಗಟ್ಟಿ ಆಧಾರ ಸಿಗುವುದು ಇಲ್ಲಿಯೇ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ತನ್ನ ವರದಿಯಲ್ಲಿ, ರಕ್ತದ ಸಕ್ಕರೆಯನ್ನು ಹತೋಟಿಗೆ ತರಲು ಒಟ್ಟು ಕಾರ್ಬೋಹೈಡ್ರೇಟ್ ತಗ್ಗಿಸುವುದಕ್ಕೆ ಅತಿ ಹೆಚ್ಚು ಪುರಾವೆ ಇದೆ ಎಂದಿತು. ಬ್ರಿಟನ್ನಿನ ಪೌಷ್ಟಿಕತೆ ಸಲಹಾ ಸಮಿತಿ 2021ರಲ್ಲಿ, ಎರಡನೇ ವಿಧದ ಮಧುಮೇಹವಿದ್ದು ತೂಕ ಹೆಚ್ಚಿರುವವರಿಗೆ ಆರು ತಿಂಗಳವರೆಗಿನ ಅಲ್ಪಾವಧಿಗೆ ಇದು ಒಂದು ಆಯ್ಕೆ ಎಂದಿತು.

ಆದರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಇದನ್ನು ಶುರುಮಾಡುವುದು ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಯ ಪ್ರಮಾಣ ನೀವು ತಿನ್ನುತ್ತಿದ್ದ ಅನ್ನ-ಚಪಾತಿಗೆ ಹೊಂದಿಕೊಂಡಿರುತ್ತದೆ. ಊಟ ಬದಲಾಗಿ ಮಾತ್ರೆ ಹಾಗೆಯೇ ಉಳಿದರೆ ಸಕ್ಕರೆ ದಿಢೀರನೆ ಇಳಿದು ತಲೆಸುತ್ತು, ಬೆವರು, ಪ್ರಜ್ಞೆ ತಪ್ಪುವುದು ಆಗಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಲ್ಲಿ ತೊಂದರೆ ಬೇರೆ ಥರದ್ದು: ಗ್ಲುಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಏರಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರಿ ಕೀಟೊಅಸಿಡೋಸಿಸ್ ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮೀಟರ್ ನೋಡಿ ಸಮಾಧಾನಪಡದೆ ಆಸ್ಪತ್ರೆಗೆ ಹೋಗಬೇಕು.

ಹೃದಯಕ್ಕೆ ತುಪ್ಪ, ಬೆಣ್ಣೆ, ತೆಂಗಿನೆಣ್ಣೆ ಈಗ ಒಳ್ಳೆಯದೇ?

ಅಷ್ಟು ದೂರ ಪುರಾವೆ ಹೋಗಿಲ್ಲ. ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಕನಿಷ್ಠ ಎರಡು ವರ್ಷ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ, ಸ್ಯಾಚುರೇಟೆಡ್ ಕೊಬ್ಬು ತಗ್ಗಿಸಿದವರಲ್ಲಿ ಹೃದಯ-ರಕ್ತನಾಳದ ಘಟನೆಗಳು ಶೇ 17ರಷ್ಟು ಕಡಿಮೆಯಾದವು ಎಂದಿತು. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮುಖ್ಯವಾಗಿ, ಕೊಬ್ಬಿನ ಜಾಗಕ್ಕೆ ಸಸ್ಯಜನ್ಯ ಎಣ್ಣೆ ಬಂದಾಗ ಲಾಭ ಸ್ಪಷ್ಟ. ಮೈದಾ, ಸಕ್ಕರೆ ಬಂದಾಗ ಲಾಭವಿಲ್ಲ ಎಂಬುದು ಹಲವು ಅಧ್ಯಯನಗಳ ಒಟ್ಟು ಸೂಚನೆ. ತೆಂಗಿನೆಣ್ಣೆಯ ಸುಮಾರು ಶೇ 90, ತುಪ್ಪದ ಅರ್ಧಕ್ಕಿಂತ ಹೆಚ್ಚು, ಕಡಲೆಕಾಯಿ ಎಣ್ಣೆಯ ಐದರಲ್ಲಿ ಒಂದು ಪಾಲಿನಷ್ಟು ಸ್ಯಾಚುರೇಟೆಡ್ ಕೊಬ್ಬು. ಸಾರಿನ ಮೇಲೆ ಒಂದು ಚಮಚ ತುಪ್ಪಕ್ಕೆ ಹೆದರಬೇಕಾಗಿಲ್ಲ. ಕಾಫಿಗೆ ಎರಡು ಚಮಚ ಕದಡಿ ಕುಡಿಯುವುದನ್ನು ಔಷಧಿ ಎನ್ನಲು ಆಧಾರವಿಲ್ಲ.

ವನಸ್ಪತಿಯಂತಹವುಗಳಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂಬ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರ ಜನವರಿಯಿಂದ ಶೇ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಲಾಗಿದೆ.

ಇದೆಲ್ಲ ಬೆಣ್ಣೆ-ಬ್ರೆಡ್ಡಿನ ದೇಶಗಳ ಮಾತು. ನಮಗೆ ಎಷ್ಟು ಅನ್ವಯ?

ಶುರುವಿನ ಜಾಗವೇ ಬೇರೆ. 1977ರಲ್ಲಿ ಅಮೆರಿಕದ ಸಮಿತಿ ಕಾರ್ಬೋಹೈಡ್ರೇಟನ್ನು ಶೇ 60ರವರೆಗೆ ಏರಿಸಿ ಎಂದಿತು. ನಾವು ಈಗಾಗಲೇ ಅದನ್ನು ದಾಟಿದ್ದೇವೆ. 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಸಮೀಕ್ಷೆಯ ಪ್ರಕಾರ ಭಾರತೀಯರ ದಿನದ ಕ್ಯಾಲೊರಿಯಲ್ಲಿ ಸರಾಸರಿ ಶೇ 62 ಕಾರ್ಬೋಹೈಡ್ರೇಟಿನಿಂದ ಬರುತ್ತದೆ, ಅದರಲ್ಲೂ ಹೆಚ್ಚಿನದು ಬಿಳಿ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು ಮತ್ತು ಸಕ್ಕರೆಯಿಂದ. 2017ರಲ್ಲಿ ಸುದ್ದಿಯಾದ, 18 ದೇಶಗಳ 1,35,335 ಜನರನ್ನು ಒಳಗೊಂಡ ‘ಪ್ಯೂರ್’ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಭಾಗಿಯಾಗಿತ್ತು. ಕಾರ್ಬೋಹೈಡ್ರೇಟ್ ಅತಿ ಹೆಚ್ಚು ತಿನ್ನುವವರಲ್ಲಿ ಸಾವು ಹೆಚ್ಚು ಎಂದು ಅದು ಕಂಡುಕೊಂಡಿತು. ಬರೀ ಅನ್ನ ತಿಂದು ಬದುಕುವವರು ಬಡವರೂ ಆಗಿರುತ್ತಾರೆ, ಸಾವಿಗೆ ಬಡತನದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ ಎಂಬ ಆಕ್ಷೇಪವನ್ನೂ ಅದರ ಜೊತೆಗೇ ಓದಬೇಕು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ 17 ಸೂತ್ರಗಳ ಮಾರ್ಗಸೂಚಿ ಕೂಡ ಧಾನ್ಯಗಳಿಂದ ಬರುವ ಕ್ಯಾಲೊರಿ ಶೇ 45ನ್ನು ಮೀರದಿರಲಿ ಎನ್ನುತ್ತದೆ. 2,000 ಕ್ಯಾಲೊರಿಯ ದಿನಕ್ಕೆ ಅದರ ಲೆಕ್ಕ: ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ. ಇವೆಲ್ಲ ಬೇಯಿಸುವ ಮುಂಚಿನ ತೂಕ. ನಮ್ಮ ಅಡುಗೆಮನೆಯಲ್ಲಿ ಬೇಳೆ ಸಾರಿನ ತಿಳಿಯಾಗಿ, ತರಕಾರಿ ಪಲ್ಯದ ಒಂದು ಚಮಚವಾಗಿ ಉಳಿದಿರುವುದರಿಂದ, ಹೆಚ್ಚಿನ ಮನೆಗಳಿಗೆ ಇದು ಕೀಟೊಗಿಂತ ದೊಡ್ಡ ಬದಲಾವಣೆಯೇ ಆದೀತು.

ಅನ್ನ ಬಿಟ್ಟು ಮುದ್ದೆ ತಿಂದರೆ ಕಾರ್ಬ್ ಕಡಿಮೆಯಾಗುತ್ತದೆಯೇ?

ಸ್ವಲ್ಪ ಮಾತ್ರ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78, ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಾರು ಮತ್ತು ಕ್ಯಾಲ್ಸಿಯಂನಲ್ಲಿ ರಾಗಿ ಬಹಳ ಮುಂದು. ಮುದ್ದೆಯ ಗಾತ್ರ ದೊಡ್ಡದಾದರೆ ಲೆಕ್ಕ ಸರಿಸಮವಾಗುತ್ತದೆ.

ಸಸ್ಯಾಹಾರಿಗಳಿಗೆ ಇದು ಸಾಧ್ಯವೇ?

ಕಟ್ಟುನಿಟ್ಟಿನ ಕೀಟೊ ತುಂಬ ಕಷ್ಟ. ಬೇಳೆಕಾಳುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ ಇರುವುದರಿಂದ ಕೊನೆಗೆ ಪನೀರ್, ಮೊಸರು, ಕಡಲೆಬೀಜ, ಬಾದಾಮಿ, ಸೊಪ್ಪು ಇಷ್ಟರಲ್ಲೇ ತಿರುಗಬೇಕಾಗುತ್ತದೆ. ಅನ್ನವನ್ನು ಅರ್ಧಕ್ಕೆ ಇಳಿಸಿ, ಹೆಸರುಕಾಳು, ಹುರುಳಿ, ತರಕಾರಿ, ಮೊಸರನ್ನು ಹೆಚ್ಚಿಸುವ ಮಧ್ಯಮ ದಾರಿಯನ್ನು ಹೆಚ್ಚಿನವರು ವರ್ಷಗಟ್ಟಲೆ ನಡೆಸಬಹುದು.

ಯಾರು ಇದಕ್ಕೆ ಕೈಹಾಕಬಾರದು? ಶುರುಮಾಡುವವರು ಏನು ಪರೀಕ್ಷೆ ಮಾಡಿಸಬೇಕು?

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು, ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದವರು, ಒಂದನೇ ವಿಧದ ಮಧುಮೇಹ ಇರುವವರು ತಾವಾಗಿಯೇ ಕೀಟೊ ಶುರುಮಾಡಬಾರದು. ಉಳಿದವರು ಮೊದಲೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಕ್ರಿಯಾಟಿನಿನ್ (ಮೂತ್ರಪಿಂಡ) ಪರೀಕ್ಷೆ ಮಾಡಿಸಿಟ್ಟುಕೊಂಡು, ಮೂರು ತಿಂಗಳ ನಂತರ ಅವೇ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಇಳಿದು, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಏರುವುದು ಸಾಮಾನ್ಯ. ಕೆಲವರಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ವಿಪರೀತ ಏರುತ್ತದೆ, ಅದು ‘ಒಳ್ಳೆಯ ಎಲ್‌ಡಿಎಲ್’ ಎಂದು ವೀಡಿಯೊದಲ್ಲಿ ಹೇಳಿದರೂ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ, ಬೆಣ್ಣೆ-ತುಪ್ಪದ ಜಾಗಕ್ಕೆ ಕಡಲೆಬೀಜ, ಎಳ್ಳು, ಎಣ್ಣೆಗಳನ್ನು ತಂದು ಮತ್ತೆ ಅಳೆಯುವುದು ಸರಿ.